ಹುಣಸೆಬೀಜದ ಆಕಾಶ

೮ ಆಗಸ್ಟ್ ೧೯೭೧
(ಊರಿನ ಹೆಸರು ಬರೆಯುವಂತಿಲ್ಲ)

ಅಮ್ಮನಿಗೆ ಸಂಜೀವನ ನಮಸ್ಕಾರಗಳು.

ರಜೆ ಮುಗಿಸಿ ಬಂದು ಸೇರಿಕೊಂಡೆ. ನೀನು ಕಟ್ಟಿಕೊಟ್ಟ ನಿಪ್ಪಟ್ಟು ಗುಂತಕಲ್ಲು ದಾಟುವ ಹೊತ್ತಿಗೆ ಮುಗಿದಿತ್ತು. ನಾನೊಬ್ಬನೇ ತಿಂದದ್ದಲ್ಲ, ಎದುರಿಗೆ ಕೂತಿದ್ದ ಮುದುಕರು ಮೂರು ತಿಂದರು, ಅವರ ಮೊಮ್ಮಗಳು ಎರಡು. ಇಲ್ಲಿ ಕೆಲಸ ಅದೇ, ಕಂಬದಿಂದ ಕಂಬಕ್ಕೆ ಟೆಲಿಫೋನ್ ತಂತಿ ಎಳೆಯುವುದು, ಎಳೆದದ್ದನ್ನು ಮತ್ತೆ ಸುತ್ತುವುದು.

ನಮ್ಮ ನಕ್ಷತ್ರದ ಆಟದ ವಿಷಯ. ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ ಚೌಕಾಬಾರದ ಮಣೆ ಬಿಟ್ಟು ಇದನ್ನು ಹಿಡಿದೆವಲ್ಲ, ಆಗಿನಿಂದ ನಿಯಮಗಳೆಲ್ಲ ಬಾಯಿಮಾತಿನಲ್ಲೇ ಇವೆ. ಈಗ ಕಾಗದದ ಮೂಲಕ ಆಡುವುದರಿಂದ ಬರೆದಿಡುವುದು ಒಳ್ಳೆಯದು. ನಾಳೆ ಜಗಳ ಬರಬಾರದು.

ನಾನು ಹೊರಡುವ ಹಿಂದಿನ ದಿನ ಚೌಕುಳಿ ಹಾಳೆಯ ಮೇಲೆ ಒಂದು ಹಿಡಿ ಹುಣಸೆಬೀಜ ಚೆಲ್ಲಿದೆವು. ಬೀಜ ಬಿದ್ದಲ್ಲೆಲ್ಲ ಒಂದೊಂದು ನಕ್ಷತ್ರ. ಅದರ ಒಂದು ಪ್ರತಿ ನಿನ್ನ ಹತ್ತಿರ ಇದೆ, ಒಂದು ನನ್ನ ಪೆಟ್ಟಿಗೆಯಲ್ಲಿ. ಕೆಳಗಿನ ಎಡಮೂಲೆಯ ನಕ್ಷತ್ರ ನನ್ನ ಮನೆ, ಮೇಲಿನ ಬಲಮೂಲೆಯದು ನಿನ್ನ ಮನೆ. ಮಿಕ್ಕ ನಕ್ಷತ್ರಗಳಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಯಾರ ಹಡಗು ಮೊದಲು ತಲುಪುತ್ತದೋ ಅವರು ಅದಕ್ಕೆ ಹೆಸರಿಡಬಹುದು. ತಲುಪಿದ ಮೇಲೆ ಸೀಳಿದ ಐದು ಬೀಜ ಹಾಕಬೇಕು. ಎಷ್ಟು ಬೆಳ್ಳಗೆ ಬೀಳುತ್ತವೋ ಅಷ್ಟು ಲೋಕಗಳು ಅಲ್ಲಿ ಬಾಳಲು ಯೋಗ್ಯ. ಐದೂ ಕಪ್ಪು ಬಿದ್ದರೆ ಬರಡು. ಒಂದು ಲೋಕಕ್ಕೆ ಸರದಿಗೊಂದು ಹಡಗು ಹುಟ್ಟುತ್ತದೆ. ಎರಡು ಮನೆಗಳಲ್ಲೂ ಮೂರು ಮೂರು ಲೋಕ, ಶುರುವಿಗೆ ಮೂರು ಮೂರು ಹಡಗು. ಒಂದು ಕಾಗದ, ಒಂದು ಸರದಿ. ಎರಡು ಕಡೆಯ ಹಡಗುಗಳು ಒಂದೇ ನಕ್ಷತ್ರದಲ್ಲಿ ಎದುರಾದರೆ ಎಷ್ಟು ಹಡಗೋ ಅಷ್ಟು ಬೀಜ ಹಾಕಬೇಕು, ಬಿಳಿ ಬಿದ್ದಷ್ಟು ಎದುರಾಳಿಯ ಹಡಗು ಹೋಯಿತು.

ಬೀಜ ಹಾಕುವವಳು ನೀನು, ಎರಡು ಕಡೆಗೂ. ಟೀಚರಮ್ಮ ಸುಳ್ಳು ಹೇಳುವುದಿಲ್ಲ ಎಂದು ಊರೇ ಹೇಳುತ್ತದೆ.

ನನ್ನ ಮೊದಲ ನಡೆ: ನನ್ನ ಮೂರು ಹಡಗುಗಳಲ್ಲಿ ಎರಡು, ಮನೆಯಿಂದ ಬಲಕ್ಕೆ ಮೂರನೆಯ ಚೌಕದ ನಕ್ಷತ್ರಕ್ಕೆ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗ,
ಸಂಜೀವ

---

೨೯ ಆಗಸ್ಟ್ ೧೯೭೧
ನಲ್ಲೂರು, ದೇವನಹಳ್ಳಿ ತಾಲ್ಲೂಕು

ಚಿರಂಜೀವಿ ಸಂಜೀವನಿಗೆ ಅಮ್ಮನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ಹಾಗೇ ಇದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಪೋಸ್ಟ್‌ಮನ್ ಪಿಳ್ಳಪ್ಪ ಶಾಲೆಗೇ ತಂದುಕೊಟ್ಟ. ಮೂರನೇ ತರಗತಿಯವರಿಗೆ ಶುದ್ಧ ಬರಹ ಕೊಟ್ಟು ಮೇಜಿನ ಕೆಳಗೆ ಇಟ್ಟುಕೊಂಡು ಓದಿದೆ. ಇದನ್ನು ಯಾರಿಗೂ ಹೇಳಬೇಡ.

ನಿನ್ನ ನಕ್ಷತ್ರಕ್ಕೆ ಬೀಜ ಹಾಕಿದೆ. ಐದೂ ಕಪ್ಪು ಬಿತ್ತು ಕಣಪ್ಪ. ಇನ್ನೊಂದು ಸಲ ಹಾಕೋಣವೇ ಎನ್ನಿಸಿತು, ಹಾಕಲಿಲ್ಲ. ಹಾಗೆ ಮಾಡಿದರೆ ಅದು ಆಟವಲ್ಲ. ನಾನು ಎಡಕ್ಕೆ ಎರಡು ಹಡಗು ಕಳಿಸಿ ನನ್ನದಕ್ಕೂ ಹಾಕಿದೆ. ನಾಲ್ಕು ಬಿಳಿ. ಅದಕ್ಕೆ ಸಾಸಲು ಎಂದು ಹೆಸರಿಟ್ಟಿದ್ದೇನೆ. ಭೂಮಿಯ ಮೇಲಿನ ಸಾಸಲಿನಲ್ಲಿ ನನ್ನ ತವರಿಗೆ ಉಳಿದಿರುವುದು ಅರ್ಧ ಎಕರೆ. ಆಕಾಶದಲ್ಲಾದರೂ ನಾಲ್ಕು ಲೋಕ ಇರಲಿ.

ಹಾಳೆಯನ್ನು ನಡುಮನೆಯ ಮೂಲೆಯಲ್ಲಿ ಮಣೆಯ ಮೇಲೆ ಹಾಸಿದ್ದೇನೆ. ನನ್ನ ಹಡಗಿಗೆ ಹುರುಳಿಕಾಳು, ನಿನ್ನದಕ್ಕೆ ತೊಗರಿ. ನಿಮ್ಮ ಅಪ್ಪ ದಾಟಿಕೊಂಡು ಹೋಗುವಾಗ ನೋಡಿ, “ಅವ್ವ ಮಗ ಸೇರ್ಕೊಂಡು ಆಕಾಶನೂ ಪಾಲು ಮಾಡ್ಕೊತಾವ್ರೆ” ಎಂದರು. ಪಕ್ಕದ ಮನೆಯ ಮುನಿವೆಂಕಟಮ್ಮನಿಗೆ ಹೇಳಿದಂತೆ ಹೇಳಿದರು, ನನಗಲ್ಲ.

ಅವರು ನಿನ್ನನ್ನು ಬಸ್ಸಿನವರೆಗೆ ಕಳಿಸಲು ಬರಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹೇಳದೆ ಕೇಳದೆ ಹೋಗಿ ಮಿಲಿಟರಿ ಸೇರಿ ಎರಡು ವರ್ಷವಾಗುತ್ತಾ ಬಂತು. ಅವರಿಗೆ ಇನ್ನೂ ನಿನ್ನೆ ಆದ ಹಾಗೇ ಇದೆ. ನಿನ್ನ ನಮಸ್ಕಾರ ತಿಳಿಸಿದೆ. ಹೂಂ ಅಂದರು.

ರಾಗಿ ಪೈರು ಚೆನ್ನಾಗಿ ಎದ್ದಿದೆ.

ಇಂತಿ,
ಅನುಸೂಯಮ್ಮ

---

೧೯ ಸೆಪ್ಟೆಂಬರ್ ೧೯೭೧

ಅಮ್ಮನಿಗೆ ನಮಸ್ಕಾರಗಳು.

ನನ್ನ ಬರಡು ನಕ್ಷತ್ರಕ್ಕೆ ಮರಳು ಎಂದು ಹೆಸರಿಟ್ಟಿದ್ದೇನೆ. ಇಲ್ಲಿ ಸುತ್ತ ಇರುವುದೂ ಅದೇ. ಇಷ್ಟು ಮಾತ್ರ ಬರೆಯಬಹುದು ಎಂದುಕೊಂಡಿದ್ದೇನೆ.

ನಿನ್ನ ಹಿಂದಿನ ಕಾಗದದ ಲೆಕ್ಕ ನೋಡಿ ನನ್ನ ಜೊತೆಯ ಹುಡುಗರಿಗೆ ಹೇಳಿದೆ. ಕೇರಳದ ಒಬ್ಬ ಇದ್ದಾನೆ, ಅವನು ಕೇಳಿದ: ನಿನಗೆ ಐದೂ ಕಪ್ಪು, ನಿಮ್ಮ ಅಮ್ಮನಿಗೆ ನಾಲ್ಕು ಬಿಳಿ, ಬೀಜ ಹಾಕುವವರೂ ನಿಮ್ಮ ಅಮ್ಮನೇ, ಅಲ್ಲವೇ ಎಂದು. ಅವನು ಕೇಳಿದ್ದನ್ನು ಬರೆದಿದ್ದೇನೆ ಅಷ್ಟೇ.

ಈ ಸಲ ನಾಲ್ಕು ಹಡಗು ಮೇಲಕ್ಕೆ ಕಳಿಸುತ್ತಿದ್ದೇನೆ, ಜೋಡಿ ನಕ್ಷತ್ರಗಳು ಅಕ್ಕಪಕ್ಕ ಬಿದ್ದಿವೆಯಲ್ಲ, ಅದರಲ್ಲಿ ಕೆಳಗಿನದಕ್ಕೆ. ಏನು ಬಿದ್ದರೂ ಅದರ ಹೆಸರು ತ್ಯಾಮಗೊಂಡ್ಲು. ಹೈಸ್ಕೂಲಿನಲ್ಲಿದ್ದಾಗ ಕ್ರೀಡಾಕೂಟಕ್ಕೆಂದು ಅಲ್ಲಿಗೆ ಹೋಗಿ, ಓಡಿ ಸೋತು, ಯಾರದೋ ತೋಟದ ಎಳನೀರು ಕುಡಿದಿದ್ದೆ. ಇಲ್ಲಿ ನೀರು ಕುಡಿಯುವಾಗಲೆಲ್ಲ ಅದು ಜ್ಞಾಪಕ ಬರುತ್ತದೆ.

ನಾವು ಇರುವ ಜಾಗ ಬದಲಾಗಬಹುದು. ಕಾಗದ ತಡವಾದರೆ ಗಾಬರಿಯಾಗಬೇಡ. ವಿಳಾಸ ಅದೇ ಇರುತ್ತದೆ.

ಅಪ್ಪನಿಗೆ ನಮಸ್ಕಾರ.

ಸಂಜೀವ

---

೧೦ ಅಕ್ಟೋಬರ್ ೧೯೭೧
ನಲ್ಲೂರು

ಚಿರಂಜೀವಿ ಸಂಜೀವನಿಗೆ ಆಶೀರ್ವಾದ.

ಆ ಕೇರಳದ ಹುಡುಗನಿಗೆ ಹೇಳು, ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೆ ಅಂಕ ಕೊಡುತ್ತಿದ್ದೇನೆ. ನೀನು ನನ್ನ ತರಗತಿಯಲ್ಲೇ ಕೂತಿದ್ದಾಗ ಭಾಗಾಕಾರದಲ್ಲಿ ನಿನಗೂ ಸೊನ್ನೆ ಕೊಟ್ಟಿದ್ದೇನೆ. ಇನ್ನು ಮೇಲೆ ಬೀಜ ಹಾಕುವಾಗ ಮುನಿವೆಂಕಟಮ್ಮನನ್ನು ಸಾಕ್ಷಿಗೆ ಕೂರಿಸಿಕೊಳ್ಳುತ್ತೇನೆ ಎಂದು ತೀರ್ಮಾನ ಮಾಡಿ, ಅವಳನ್ನು ಕರೆದು, ನಿನ್ನ ತ್ಯಾಮಗೊಂಡ್ಲುವಿಗೆ ಅವಳ ಕೈಯಲ್ಲೇ ಹಾಕಿಸಿದೆ. ಅವಳು ಬೀಜಗಳನ್ನು ಕಣ್ಣಿಗೊತ್ತಿಕೊಂಡು, “ಮಗೀಗೆ ಒಳ್ಳೇದಾಗ್ಲಿ” ಎಂದು ಹಾಕಿದಳು. ಮೂರು ಬಿಳಿ. ಬೀಜಕ್ಕೆ ಯಾರ ಮೇಲೂ ಪ್ರೀತಿ ಇಲ್ಲ, ಯಾರ ಮೇಲೂ ಹಗೆಯೂ ಇಲ್ಲ. ಅವಳಿಗೆ ಅದನ್ನು ಹೇಳಲು ಹೋಗಲಿಲ್ಲ.

ಆದರೆ ನೀನು ಸಂತೋಷಪಡುವುದು ಬೇಡ. ನನ್ನ ಮೇಲಿನ ಅನುಮಾನಕ್ಕೆ ಉತ್ತರ ನನ್ನ ನಡೆಯಲ್ಲಿದೆ. ಸಾಸಲಿನಿಂದ ಒಂಬತ್ತು ಹಡಗು ಹೊರಟಿವೆ. ದಾರಿ ತೋರಿಸುವ ಸಣ್ಣ ನಕ್ಷೆ ಜೊತೆಗಿಟ್ಟಿದ್ದೇನೆ. ನಿನ್ನ ಉತ್ತರದ ಬಾಗಿಲು ತೆರೆದೇ ಇದೆ, ಕಾವಲು ಇಲ್ಲ. ಇದು ನನಗೆ ಮೊದಲಿನಿಂದ ಗೊತ್ತು, ನೀನು ಯಾವಾಗಲೂ ಎದುರಿಗೆ ಮಾತ್ರ ನೋಡುವವನು. ಮುಂದಿನ ಸರದಿಯಲ್ಲಿ ತ್ಯಾಮಗೊಂಡ್ಲು ನನ್ನ ಕೈಗೆ ಬರುತ್ತದೆ. ಅದರ ಮುಂದಿನ ಸರದಿಯಲ್ಲಿ ನಿನ್ನ ಮನೆ.

ದಸರಾ ಮುಗಿಯಿತು. ನಿನ್ನ ಅಪ್ಪ ಎತ್ತಿಗೆ ಹೊಸ ಹಗ್ಗ ತಂದರು. ಚಳಿ ಬೇಗ ಶುರುವಾಗುವ ಹಾಗಿದೆ, ಸ್ವೆಟರ್ ಬೇಕೇ ಬರೆ.

ಅನುಸೂಯಮ್ಮ

---

೧೪ ನವೆಂಬರ್ ೧೯೭೧
ನಲ್ಲೂರು

ಚಿರಂಜೀವಿ ಸಂಜೀವನಿಗೆ ಆಶೀರ್ವಾದ.

ಹಿಂದಿನ ಕಾಗದಕ್ಕೆ ನಿನ್ನಿಂದ ಉತ್ತರ ಬಂದಿಲ್ಲ. ತಡವಾಗಬಹುದು ಎಂದು ನೀನೇ ಬರೆದಿದ್ದೆ, ಆದ್ದರಿಂದ ನಾನು ಗಾಬರಿಯಾಗಿಲ್ಲ.

ಪಿಳ್ಳಪ್ಪನಿಗೆ ನನ್ನನ್ನು ಕಂಡರೆ ಈಗ ಸಂಕೋಚ. ಶಾಲೆಯ ಮುಂದೆ ಸೈಕಲ್ ಜೋರಾಗಿ ತುಳಿದುಕೊಂಡು ಹೋಗುತ್ತಾನೆ. ಕಾಗದ ಇಲ್ಲದಿದ್ದರೆ ಅವನದೇನು ತಪ್ಪು?

ನನ್ನ ಒಂಬತ್ತು ಹಡಗು ತ್ಯಾಮಗೊಂಡ್ಲುವಿನ ಹೊರಗೆ, ನಿನ್ನ ಮನೆಯ ಹತ್ತಿರವೇ ಸುತ್ತುವರಿದು ನಿಂತಿವೆ. ನಿನ್ನ ನಡೆ ಬರದೆ ನಾನು ನಡೆಸುವ ಹಾಗಿಲ್ಲ. ಕಾದಿದ್ದೇನೆ. ಸೋಲುತ್ತೇನೆ ಎಂದು ಬರೆಯದೆ ಕೂತಿದ್ದರೆ ಅದು ಗಂಡಸುತನವಲ್ಲ.

ಸ್ವೆಟರ್ ಹೆಣೆದು ಮುಗಿಯಿತು. ತೋಳು ಸ್ವಲ್ಪ ಉದ್ದವಾಗಿದೆ.

ಅಮ್ಮ

---

೯ ಡಿಸೆಂಬರ್ ೧೯೭೧
ನಲ್ಲೂರು

ಸಂಜೀವ,

ಯುದ್ಧದ ಸುದ್ದಿ ಚೇರ್ಮನ್ನರ ಮನೆಯ ರೇಡಿಯೋದಲ್ಲಿ ಕೇಳುತ್ತೇವೆ. ಊರಿಗೆ ಊರೇ ಜಗಲಿಯ ಮೇಲೆ ಕೂತಿರುತ್ತದೆ. ನಾನು ಹೋದರೆ ಹೆಂಗಸರು ಜಾಗ ಬಿಡುತ್ತಾರೆ. ಹಾಗೆ ಜಾಗ ಬಿಡುವುದು ನನಗೆ ಇಷ್ಟವಾಗುವುದಿಲ್ಲ, ಅದಕ್ಕೆ ನಿನ್ನೆಯಿಂದ ಹೋಗಿಲ್ಲ. ಶಾಲೆಯಲ್ಲಿ ವಿಮಾನ ಬಂದರೆ ಹೇಗೆ ಬೋರಲು ಮಲಗಬೇಕೆಂದು ಮಕ್ಕಳಿಗೆ ಕಲಿಸಬೇಕೆಂದು ಆಜ್ಞೆ ಬಂದಿದೆ. ಹುಣಸೆತೋಪಿಗೆ ಕರೆದುಕೊಂಡು ಹೋಗಿ ಮರಗಳ ಕೆಳಗೆ ಮಲಗಿಸಿದೆ. ಅವರಿಗೆ ಅದೇ ಆಟವಾಯಿತು. ಎದ್ದು ಬರಲು ಒಪ್ಪಲಿಲ್ಲ.

ನಿನಗೆ ಬರೆಯಬೇಕೆಂದುಕೊಂಡದ್ದು ಬೇರೆ ವಿಷಯ.

ದೀಪ ಕಾಣಬಾರದೆಂದು ಕಿಟಕಿಗೆ ಗೋಣಿತಾಟು ಕಟ್ಟಿದ್ದೇವೆ. ಮೊನ್ನೆ ಇನ್ನೂ ಬೆಳಕಿರುವಾಗಲೇ ನಿನ್ನ ಅಪ್ಪ ಹೊಲದಿಂದ ಬಂದರು. ಕೈಕಾಲು ತೊಳೆದವರು ಊಟಕ್ಕೆ ಕೂರಲಿಲ್ಲ.

“ಆ ಕಾಗ್ದ ಎಲ್ಲೈತೆ?” ಎಂದರು.

“ಯಾವ ಕಾಗ್ದ?”

“ಅದೇ ಕಣೆ, ಚುಕ್ಕಿ ಹಾಕ್ಕೊಂಡು ಆಡ್ತೀರಲ್ಲ.”

ನಡುಮನೆಗೆ ಕರೆದುಕೊಂಡು ಬಂದು ತೋರಿಸಿದೆ. ಇಷ್ಟು ದಿನ ಅದನ್ನು ದಾಟಿಕೊಂಡೇ ಓಡಾಡಿದವರು ಈಗ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಬಹಳ ಹೊತ್ತು ನೋಡಿದರು.

“ಇದ್ರಲ್ಲಿ ಅವ್ನು ಎಲ್ಲವ್ನೆ?”

ಕೆಳಗಿನ ಎಡಮೂಲೆ ತೋರಿಸಿದೆ. ಅದರ ಮೇಲೆ ಬೆರಳಿಟ್ಟರು. ತೊಗರಿಕಾಳು ಅವರ ಬೆರಳಿನ ಕೆಳಗೆ ಕಾಣದಂತಾಯಿತು.

“ಈ ಹುರುಳಿಕಾಳೆಲ್ಲ ಯಾರ್ದು?”

“ನಂದು.”

“ಇಷ್ಟೂನಾ?”

“ಹೂಂ.”

“ಲೇ, ಮಗ ಒಬ್ನೇ ಅವ್ನೆ ಅಲ್ಲಿ. ಅವ್ನ್ ಸುತ್ತ ಇಷ್ಟೊಂದು ತಂದು ಯಾಕೆ ನಿಲ್ಸಿದ್ದೀಯ? ಹಿಂದಕ್ಕೆ ತಗೋ.”

ಇದು ಆಟ, ನನ್ನ ಸರದಿಯಲ್ಲ, ಹಾಗೆ ನಡೆಸುವ ಹಾಗಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಒಂದೊಂದಾಗಿ ಒಂಬತ್ತೂ ಕಾಳುಗಳನ್ನು ಹಿಂದಕ್ಕೆ ಸರಿಸಿದೆ. ಕೊನೆಯ ಕಾಳು ಸಾಸಲಿಗೆ ಬರುವವರೆಗೂ ಅವರು ಬೆರಳು ತೆಗೆಯಲಿಲ್ಲ. ಆಮೇಲೆ ಎದ್ದು, “ಊಟಕ್ಕೆ ಹಾಕು” ಎಂದರು.

ಆದ್ದರಿಂದ ಈಗ ನಿನ್ನ ಮನೆಯ ಸುತ್ತ ಯಾರೂ ಇಲ್ಲ. ಇದು ನಿಯಮಕ್ಕೆ ವಿರುದ್ಧ ಎಂದು ನನಗೆ ಗೊತ್ತು. ನೀನು ಬರೆದು ತಕರಾರು ಮಾಡಬಹುದು.

ಅಮ್ಮ

---

೨೧ ಡಿಸೆಂಬರ್ ೧೯೭೧
ನಲ್ಲೂರು

ಸಂಜೀವ,

ಯುದ್ಧ ನಿಂತಿತು ಎಂದು ಹೇಳಿ ಐದು ದಿನವಾಯಿತು. ಊರಲ್ಲಿ ಬೆಲ್ಲ ಹಂಚಿದರು. ಪಕ್ಕದ ಹಳ್ಳಿಯ ಚಿಕ್ಕಬೀರಪ್ಪನ ಮಗನಿಂದ ಕಾರ್ಡು ಬಂದಿದೆ, ಚೆನ್ನಾಗಿದ್ದಾನಂತೆ.

ನಿನ್ನ ಅಪ್ಪ ದಿನಾ ದೇವನಹಳ್ಳಿಯ ಪೋಸ್ಟ್ ಆಫೀಸಿಗೇ ಹೋಗಿ ಬರುತ್ತಾರೆ. ಹೋಗುತ್ತೇನೆ ಎಂದು ಹೇಳುವುದಿಲ್ಲ. ಎತ್ತಿನ ಲಾಳ ನೋಡಿಸಬೇಕು, ಉಪ್ಪು ತರಬೇಕು ಎನ್ನುತ್ತಾರೆ. ಮನೆಯಲ್ಲಿ ಈಗ ಉಪ್ಪು ಬಹಳ ಆಗಿದೆ.

ನಡೆ ಬೇಡ. ನಿಯಮವೂ ಬೇಡ. ಒಂದು ಸಾಲು ಬರೆ.

ಅಮ್ಮ

---

೨೪ ಡಿಸೆಂಬರ್ ೧೯೭೧

ಅಮ್ಮನಿಗೂ ಅಪ್ಪನಿಗೂ ಸಂಜೀವನ ನಮಸ್ಕಾರಗಳು.

ಮೊದಲು ಇದು: ನಾನು ಚೆನ್ನಾಗಿದ್ದೇನೆ. ತಂತಿ ಸುತ್ತುವ ದೊಡ್ಡ ರಾಟೆ ಉರುಳಿ ಎಡಗೈಯ ಕಿರುಬೆರಳಿಗೆ ಪೆಟ್ಟಾಗಿದೆ, ಪಟ್ಟಿ ಕಟ್ಟಿದ್ದಾರೆ. ಬೇರೆ ಏನೂ ಆಗಿಲ್ಲ. ಈ ಕಾಗದವನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಇನ್ನು ಕಾಗದ ಯಾಕೆ ಬರಲಿಲ್ಲ ಎಂಬುದು. ಅಮ್ಮ, ಇದಕ್ಕೆ ಕಾರಣ ನೀನು.

ಅಕ್ಟೋಬರ್‌ನಲ್ಲಿ ನಾವು ಮುಂದಿನ ಜಾಗಕ್ಕೆ ಬಂದ ಮೇಲೆ ಬರುವ ಹೋಗುವ ಕಾಗದಗಳನ್ನೆಲ್ಲ ಒಡೆದು ನೋಡುತ್ತಿದ್ದರು. ನಿನ್ನ ದಸರಾದ ಕಾಗದ ಒಡೆದಾಗ ಜೊತೆಗೆ ನೀನು ಬರೆದ ಸಣ್ಣ ನಕ್ಷೆಯೂ ಸಿಕ್ಕಿತು: ಚೌಕಗಳು, ಚುಕ್ಕೆಗಳು, ಬಾಣದ ಗುರುತು, ಅಂಕಿ. ಕನ್ನಡ ಬಲ್ಲವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ. ನಾನಿಲ್ಲದಾಗ ನನ್ನ ಪೆಟ್ಟಿಗೆ ಹುಡುಕಿದರು, ಅಲ್ಲಿ ದೊಡ್ಡ ನಕ್ಷೆ ಸಿಕ್ಕಿತು. ಅಲ್ಲಿಂದ ಮುಂದೆ ನಿನ್ನಿಂದ ಬಂದದ್ದು, ನಾನು ಬರೆದು ಹಾಕಿದ್ದು ಎಲ್ಲವೂ ಒಂದು ಕಬ್ಬಿಣದ ಪೆಟ್ಟಿಗೆಗೆ ಹೋದವು. ನನಗೆ ಯಾರೂ ಹೇಳಲಿಲ್ಲ. ನೀನು ಕೋಪದಿಂದ ಬರೆಯುತ್ತಿಲ್ಲ ಎಂದುಕೊಂಡಿದ್ದೆ. ಆಮೇಲೆ ಯುದ್ಧ ಶುರುವಾಯಿತು, ಯಾರಿಗೂ ಯಾವುದಕ್ಕೂ ಪುರಸೊತ್ತಿರಲಿಲ್ಲ. ಹಗಲು ಎಳೆದ ತಂತಿ ಬೆಳಗಾಗುವುದರೊಳಗೆ ತುಂಡಾಗಿರುತ್ತಿತ್ತು. ಅದರ ವಿಷಯ ರಜೆಗೆ ಬಂದಾಗ ಹೇಳುತ್ತೇನೆ. ಅಥವಾ ಹೇಳದೆಯೂ ಇರಬಹುದು.

ಮೊನ್ನೆ ನನ್ನನ್ನು ಕ್ಯಾಪ್ಟನ್ ಸಾಹೇಬರ ಮುಂದೆ ನಿಲ್ಲಿಸಿದರು. ಬೇರೆ ತುಕಡಿಯಿಂದ ಧಾರವಾಡದ ಕಡೆಯ ಒಬ್ಬ ಹವಾಲ್ದಾರರನ್ನು ಕರೆಸಿದ್ದರು. ಅವರು ನಿನ್ನ ಕಾಗದ ಓದುವುದು, ಹಿಂದಿಯಲ್ಲಿ ಹೇಳುವುದು, ನನ್ನನ್ನು ಕನ್ನಡದಲ್ಲಿ ಕೇಳುವುದು. ಒಂದು ತಪ್ಪು ಮಾತಾಡಿದರೆ ನನ್ನನ್ನು ಎಲ್ಲಿಗೆ ಕಳಿಸುತ್ತಾರೋ ಗೊತ್ತಿರಲಿಲ್ಲ.

“ಒಂಬತ್ತು ಹಡಗಾ ಕಳಿಸೇನಿ ಅಂತ ಬರದಾರ. ಈ ಅನುಸೂಯಮ್ಮ ಅಂದ್ರ ಯಾರಪಾ?”

“ನಮ್ಮವ್ವ ಸಾರ್.”

“ಏನು ಮಾಡ್ತಾರ?”

“ಪ್ರೈಮರಿ ಸ್ಕೂಲ್ ಟೀಚರು ಸಾರ್. ಮೂರನೇ ಕ್ಲಾಸು.”

“ತ್ಯಾಮಗೊಂಡ್ಲು ಯಾವ ಸಮುದ್ರದಾಗ ಬರತೈತಿ?”

“ಅಲ್ಲಿ ಸಮುದ್ರ ಇಲ್ಲ ಸಾರ್. ತೆಂಗಿನ ತೋಟ ಐತೆ.”

“ಮತ್ತ ಹಡಗ ಹೆಂಗ ಬರತಾವು?”

ನಾನು ಆಟದ ವಿಷಯ ಹೇಳಿದೆ. ಹವಾಲ್ದಾರರು ಕೇಳಿ ಕ್ಯಾಪ್ಟನ್‌ರಿಗೆ ಹೇಳಿದರು. ಅವರು ನಂಬಲಿಲ್ಲ. ಇಷ್ಟು ದೊಡ್ಡ ನಕ್ಷೆಯನ್ನು ಯೋಚನೆ ಮಾಡದೆ ಯಾರೂ ಬರೆಯಲಾರರು, ಯಾವ ಚುಕ್ಕೆ ಎಲ್ಲಿರಬೇಕೆಂದು ನಿರ್ಧರಿಸಿದವರು ಯಾರು ಎಂದು ಕೇಳಿದರು. ಯಾರೂ ನಿರ್ಧರಿಸಲಿಲ್ಲ, ಅದು ಚೆಲ್ಲಿದ ಹಾಗೆ ಬಿದ್ದದ್ದು ಎಂದೆ. “ಹಾಗಾದರೆ ನನ್ನ ಎದುರಿಗೆ ಒಂದು ಮಾಡು” ಎಂದರು.

ಹುಣಸೆಬೀಜ ಎಲ್ಲಿ ತರುವುದು? ಹವಾಲ್ದಾರರು ಜೇಬಿನಿಂದ ಒಂದು ಹಿಡಿ ಕಡಲೆಕಾಯಿ ಬೀಜ ಕೊಟ್ಟರು. ಕಂಬಳಿಯ ಮೇಲೆ ಕಾಗದ ಹಾಸಿ ಚೆಲ್ಲಿದೆ. ಬಿದ್ದಲ್ಲೆಲ್ಲ ಚುಕ್ಕೆ ಇಟ್ಟೆ. ಮತ್ತೆ ಚೆಲ್ಲಿದೆ, ಬೇರೆಯೇ ಆಕಾಶ ಬಂತು. ಮೂರನೆಯ ಸಲ ಕ್ಯಾಪ್ಟನ್‌ರೇ ಚೆಲ್ಲಿದರು. ಅವರ ನಕ್ಷತ್ರಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದವು, ಮಿಕ್ಕ ಅರ್ಧ ಹಾಳೆ ಖಾಲಿ. ಅವರು ಅದನ್ನು ನೋಡುತ್ತಾ ಕೂತರು. ಐದು ಬೀಜ ಸೀಳಿ, ಒಳಮೈ ಬಿಳಿ ಹೊರಮೈ ಕೆಂಪು ಎಂದು ತೋರಿಸಿದೆ. ಹಾಕಿದರು. ಐದೂ ಬಿಳಿ ಬಿತ್ತು. ಇದರ ಅರ್ಥವೇನೆಂದು ಕೇಳಿದರು. ಐದು ಲೋಕ ಸಾರ್, ಬಹಳ ಅಪರೂಪ ಎಂದೆ. ಸ್ವಲ್ಪ ನಕ್ಕ ಹಾಗೆ ಕಂಡಿತು.

ಆಮೇಲೆ ತಡೆದಿಟ್ಟಿದ್ದ ನಿನ್ನ ಎರಡನೆಯ ಕಾಗದ ಓದಿಸಿದರು, ಮೂರನೆಯದನ್ನೂ. ಅಪ್ಪ ಬೆರಳಿಟ್ಟು ಕೇಳಿದ ಜಾಗಕ್ಕೆ ಬಂದಾಗ ಹವಾಲ್ದಾರರು ಹಿಂದಿಯಲ್ಲಿ ಹೇಳುವುದನ್ನು ನಿಲ್ಲಿಸಿದರು. ತಮ್ಮಷ್ಟಕ್ಕೆ ಕೊನೆಯವರೆಗೂ ಓದಿಕೊಂಡರು. ಮುಂದೇನಿದೆ ಎಂದು ಕ್ಯಾಪ್ಟನ್ ಕೇಳಿದರು. “ಸಾಹೇಬರ, ಇಲ್ಲಿಂದ ಮುಂದಿಂದು ಇವನ ಮನೀದು” ಎಂದು ಕಾಗದವನ್ನು ಮಡಿಚಿ ನನ್ನ ಕೈಗೆ ಕೊಟ್ಟರು. ಕ್ಯಾಪ್ಟನ್ ಪೆಟ್ಟಿಗೆ ತೆಗೆಸಿ ಎಲ್ಲ ಕಾಗದಗಳನ್ನೂ ಕೊಡಿಸಿದರು. ನಾನು ಹೊರಗೆ ಬಂದು ತಂತಿರಾಟೆಯ ಮೇಲೆ ಕೂತು ಆ ಮಡಿಚಿದ ಕಾಗದ ಓದಿದೆ. ಎರಡು ಸಲ ಓದಿದೆ.

ನನ್ನನ್ನು ಬಿಡುವ ಮುಂಚೆ ಕ್ಯಾಪ್ಟನ್ ಸಾಹೇಬರು ನಮ್ಮ ನಕ್ಷೆಯನ್ನು ಇನ್ನೊಮ್ಮೆ ನೋಡಿ ಹೇಳಿದ್ದನ್ನೂ ಬರೆಯಬೇಕು: “ನಿಮ್ಮ ತಾಯಿ ಹೇಳಿದ್ದು ಸರಿ. ನಿನ್ನ ಉತ್ತರಕ್ಕೆ ಕಾವಲೇ ಇಲ್ಲ.”

ನಾನು ಬರೆದಿದ್ದ ನಾಲ್ಕು ಕಾಗದಗಳನ್ನೂ ಇದರ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಅವುಗಳಲ್ಲಿ ಹೊಸತೇನಿಲ್ಲ, ಸ್ವೆಟರ್ ಬೇಕು ಎಂದು ಮೂರರಲ್ಲಿ ಬರೆದಿದ್ದೇನೆ.

ನನ್ನ ನಡೆ: ಮನೆಯಿಂದ ಮೂರು ಹಡಗು ತ್ಯಾಮಗೊಂಡ್ಲುವಿಗೆ. ತಕರಾರು ಇಲ್ಲ.

ಸಂಜೀವ

---

೫ ಜನವರಿ ೧೯೭೨
ನಲ್ಲೂರು

ಚಿರಂಜೀವಿ ಸಂಜೀವನಿಗೆ ಅಮ್ಮನ ಆಶೀರ್ವಾದ.

ಕಾಗದ ಬಂತು. ಪಿಳ್ಳಪ್ಪ ಶಾಲೆಯ ಬಾಗಿಲಲ್ಲಿ ಸೈಕಲ್ ನಿಲ್ಲಿಸದೆ ಬೀಳಿಸಿ ಒಳಗೆ ಬಂದ. “ಟೀಚರಮ್ಮ, ದಪ್ಪಗೈತೆ” ಎಂದ. ಅಷ್ಟೇ ಅವನು ಹೇಳಿದ್ದು. ನಾನು ಹೊದಿಕೆಯ ಮೇಲಿನ ವಿಳಾಸ ನೋಡಿದೆ, ನಿನ್ನ ಅಕ್ಷರ. ಮಕ್ಕಳು ಹದಿನಾರರ ಮಗ್ಗಿ ಹೇಳುತ್ತಿದ್ದರು. ಅವರು ಹದಿನಾರೇಳಲೆ ಎಂದು ನನ್ನ ಮುಖ ನೋಡಿದರು. ನನಗೆ ಮುಂದಿನದು ಬರಲಿಲ್ಲ. ಕೊನೆಗೆ ಒಂದು ಹೆಣ್ಣು ಮಗು, “ನೂರ ಹನ್ನೆರಡು ಮಿಸ್” ಎಂದು ಹೇಳಿಕೊಟ್ಟಿತು.

ಮೊದಲ ಸಾಲು ಓದಿ ಮಡಿಚಿಟ್ಟೆ. ಪಾಠ ಮುಗಿಸಿಯೇ ಮಿಕ್ಕಿದ್ದು ಓದಬೇಕೆಂದಿದ್ದೆ. ಆಗಲಿಲ್ಲ. ಮಕ್ಕಳನ್ನು ಬೇಗ ಬಿಟ್ಟು ಕಣಕ್ಕೆ ಹೋದೆ. ನಿನ್ನ ಅಪ್ಪ ರಾಗಿಯ ಮೇಲೆ ಗುಂಡು ಉರುಳಿಸುತ್ತಿದ್ದರು. ದೂರದಿಂದಲೇ, “ಬಂತು, ಚೆನ್ನಾಗವ್ನೆ” ಎಂದೆ. ಎತ್ತುಗಳನ್ನು ನಿಲ್ಲಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. “ಇನ್ನೆರಡು ಸುತ್ತು ಹೊಡ್ದು ಬತ್ತೀನಿ” ಎಂದರು. ಎರಡು ಸುತ್ತು ಎಂದವರು ಎತ್ತುಗಳಿಗೇ ಸಾಕಾಗಿ ನಿಲ್ಲುವವರೆಗೂ ಸುತ್ತಿದರು. ಆ ಹುಲ್ಲಿನಲ್ಲಿ ಇನ್ನು ಒಂದು ಕಾಳೂ ಉಳಿದಿರಲಾರದು.

ಆಮೇಲೆ ಬಂದು ಬದುವಿನ ಮೇಲೆ ಕೂತರು. ಟವಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. “ಓದು” ಎಂದರು. ಓದಿದೆ. ಬೆರಳಿಗೆ ಪೆಟ್ಟಾಯಿತು ಎಂಬಲ್ಲಿ, “ಯಾವ ಕೈಯಿ?” ಎಂದು ಕೇಳಿದರು. ತೆಂಗಿನ ತೋಟ ಐತೆ ಸಾರ್ ಎಂಬಲ್ಲಿ ನಕ್ಕರು. ಅವರು ನಕ್ಕದ್ದನ್ನು ನಾನು ಬೇಸಿಗೆಯಿಂದ ನೋಡಿರಲಿಲ್ಲ. ಹವಾಲ್ದಾರರು ಓದುವುದನ್ನು ನಿಲ್ಲಿಸಿದ ಜಾಗಕ್ಕೆ ಬಂದಾಗ ನಾನೂ ನಿಲ್ಲಿಸಬೇಕಾಯಿತು. ಅವರು ಕಾದರು. ಆಮೇಲೆ, “ಆ ಹವಾಲ್ದಾರ್ರು ಒಳ್ಳೇವ್ರು” ಎಂದರು.

ನನ್ನ ಕಾಗದದಿಂದ ನಿನಗೆ ಇಷ್ಟೆಲ್ಲ ಆಯಿತು ಎಂದು ಆ ದಿನವೆಲ್ಲ ಮೈ ಬಿಸಿಯಾಗಿತ್ತು. ಮುನಿವೆಂಕಟಮ್ಮನಿಗೆ ಹೇಳಿದರೆ ಅವಳು, “ನೋಡಕ್ಕ, ನಿನ್ನ ಕಂಡ್ರೆ ಮಿಲಿಟರಿನೂ ಹೆದರ್ತದೆ” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಈಗ ಹೆಂಗಸರು ಜಗಲಿಯಲ್ಲಿ ನನಗೆ ಜಾಗ ಬಿಡುವುದಿಲ್ಲ, ಸರಿದುಕೊಂಡು ಕೂರಬೇಕು. ಹಾಗೇ ಚೆನ್ನಾಗಿದೆ.

ಸ್ವೆಟರ್ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ತೋಳು ಮಡಿಚಿಕೊ.

ಇನ್ನು ನಡೆ. ನೀನು ಚೆನ್ನಾಗಿದ್ದೀಯ ಎಂದು ತಿಳಿದ ಮೇಲೆ ದಯೆಗೆ ಕಾರಣವಿಲ್ಲ. ಒಂಬತ್ತು ಹಡಗು ಸಾಸಲಿನಿಂದ ಮತ್ತೆ ಹೊರಟು ತ್ಯಾಮಗೊಂಡ್ಲುವಿನಲ್ಲಿ ಎದುರಾದವು. ಮುನಿವೆಂಕಟಮ್ಮನ ಸಾಕ್ಷಿಯಲ್ಲಿ ಬೀಜ ಹಾಕಿದೆ. ನನ್ನವು ಮೂರು ಹೋದವು, ನಿನ್ನವು ಎಲ್ಲವೂ. ತ್ಯಾಮಗೊಂಡ್ಲು ನನ್ನದು. ಕ್ಯಾಪ್ಟನ್ ಸಾಹೇಬರಿಗೆ ತಿಳಿಸು.

ಅನುಸೂಯಮ್ಮ

---

೨೩ ಜನವರಿ ೧೯೭೨
ನಲ್ಲೂರು

ಸಂಜೀವನಿಗೆ ನಿನ್ನ ಅಪ್ಪ ಆವಲಪ್ಪನ ಆಶೀರ್ವಾದ.

ನಾನು ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಇಷ್ಟು ಉದ್ದ ಬರೆದಿಲ್ಲ. ಅಕ್ಷರ ತಪ್ಪಿದ್ದರೆ ನಿಮ್ಮ ಅಮ್ಮ ತಿದ್ದುತ್ತೇನೆ ಅಂದಳು. ಬೇಡ ಅಂದೆ.

ರಾಗಿ ಚೆನ್ನಾಗಿ ಆಯಿತು. ಕಣಜ ತುಂಬಿತು. ಕೆಂದೆತ್ತಿಗೆ ಕಾಲು ನೋವಿತ್ತು, ಈಗ ವಾಸಿ. ನಿನ್ನ ಬೆರಳು ಹೇಗಿದೆ? ಮಡಿಸಲು ಬರುತ್ತದಾ? ಬರದಿದ್ದರೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕು.

ನಿನ್ನ ಮೇಲೆ ಕೋಪ ಇತ್ತು. ಹೇಳದೆ ಹೋದೆ ಅಂತ. ಹೇಳಿದ್ದರೆ ಬಿಡುತ್ತಿರಲಿಲ್ಲ, ಅದು ನಿನಗೂ ಗೊತ್ತಿತ್ತು, ನನಗೂ ಗೊತ್ತು. ಅಲ್ಲಿಗೆ ಅದು ಮುಗಿಯಿತು.

ನಾನೂ ಈ ಆಟಕ್ಕೆ ಸೇರಿದ್ದೇನೆ. ಇಬ್ಬರದು ಮಾತ್ರ ಅಂತ ನಿಮ್ಮ ಅಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ, ಮೇಲಿನ ಎಡಮೂಲೆಯಲ್ಲಿ ಯಾರೂ ಹೋಗದ ಒಂದು ನಕ್ಷತ್ರ ಇತ್ತು, ಅದನ್ನು ತಗೊಳ್ಳಿ ಅಂದಳು. ಬೀಜ ನಾನೇ ಹಾಕಿದೆ. ಐದೂ ಕಪ್ಪು ಬಿತ್ತು. ಹೊಸಬರು ಅಲ್ವಾ, ಇನ್ನೊಂದು ಸಲ ಹಾಕಿ ಪರವಾಗಿಲ್ಲ ಅಂದಳು. ಅವಳು ಹಾಗೆ ಯಾರಿಗೂ ಹೇಳುವವಳಲ್ಲ. ನಾನು ಹಾಕಲಿಲ್ಲ. ಬಿದ್ದದ್ದು ಬಿದ್ದ ಹಾಗೆ ಇರಲಿ. ಐದೂ ಕಪ್ಪಾದರೆ ಬರಡು ಅಂತ ನೀವಿಬ್ಬರೂ ಬರೆದುಕೊಂಡಿದ್ದೀರಿ, ಯಾರಾದರೂ ಅಲ್ಲಿ ಇಳಿದು ಮಣ್ಣು ಮುಟ್ಟಿ ನೋಡಿದ್ದೀರಾ? ನಾನು ಅಲ್ಲೇ ಇರುತ್ತೇನೆ.

ಅಲ್ಲಿ ಹಡಗು ಹುಟ್ಟುವುದಿಲ್ಲವಂತೆ. ಆಟ ಶುರು ಮಾಡಲು ನಿಮ್ಮ ಅಮ್ಮ ಒಂದು ಕೊಟ್ಟಳು. ಅದು ಅವರೆಕಾಳು. ಸುಗ್ಗಿಯದು, ದಪ್ಪಗಿದೆ.

ಅದನ್ನು ನಿನ್ನ ಮನೆಯ ಕಡೆಗೆ ನಡೆಸಿದ್ದೇನೆ. ಇನ್ನೆರಡು ಕಾಗದಕ್ಕೆ ತಲುಪುತ್ತದೆ ಅಂತ ನಿಮ್ಮ ಅಮ್ಮ ಲೆಕ್ಕ ಹೇಳಿದಳು. ಅದು ಬಂದಾಗ ಬೀಜ ಹಾಕಬೇಡಿ. ಹೊಡೆದಾಡಲು ಬರುತ್ತಿರುವುದಲ್ಲ.

ಜಾಗ ಇದ್ದರೆ ಇಳಿಸಿಕೊ.

ನಿನ್ನ ಅಪ್ಪ,
ಆವಲಪ್ಪ